ಲ್ಯಾಪ್‌ಟಾಪ್‌ಗೆ ಬೇರೆ ಗ್ರಾಫಿಕ್ಸ್ ಹಾಕಿಸಬಹುದಾ?

ವಿಜಯನಗರದ ಹುಡುಗ
ಎಲ್ಲರಿಗೂ ನಮಸ್ಕಾರ. ನನ್ನ ಲ್ಯಾಪ್‌ಟಾಪ್‌ಗೆ ನಾಲ್ಕು ವರ್ಷ ಆಯಿತು. ಇಂಟೆಲ್ ಐ5 1135ಜಿ7, 8 ಜಿಬಿ ರ್‍ಯಾಮ್. ಈಗ ಬ್ಲೆಂಡರ್ ಅನ್ನೋ 3ಡಿ ಚಿತ್ರ ಮಾಡುವ ಸಾಫ್ಟ್‌ವೇರ್ ಕಲಿಯುತ್ತಿದ್ದೇನೆ. ನಾಲ್ಕು ಮರ ಇಟ್ಟರೆ ಸಾಕು, ಸೀನ್ ತಿರುಗಿಸುವುದಕ್ಕೂ ಒದ್ದಾಡುತ್ತದೆ. ಮೊನ್ನೆ ಎಸ್‌ಪಿ ರೋಡ್‌ನ ಒಂದು ಅಂಗಡಿಯಲ್ಲಿ 18 ಸಾವಿರ ಕೊಟ್ಟರೆ ಗ್ರಾಫಿಕ್ಸ್ ಚಿಪ್ ಬದಲಾಯಿಸಿ ಕೊಡುತ್ತೇವೆ ಎಂದರು. ಅಪ್ಪನ ಹತ್ತಿರ ದುಡ್ಡು ಕೇಳುವ ಮೊದಲು ಇಲ್ಲಿ ಕೇಳೋಣ ಅನ್ನಿಸಿತು. ಇದು ನಿಜವಾಗಿ ಆಗುವ ಕೆಲಸವಾ?

ಬೋರ್ಡ್ ರಿಪೇರಿ, ಯಶವಂತಪುರ
ಆ ದುಡ್ಡು ಕೊಡಬೇಡ ತಮ್ಮಾ. ನಿನ್ನ ಲ್ಯಾಪ್‌ಟಾಪ್‌ನಲ್ಲಿ ಬೇರೆ ಗ್ರಾಫಿಕ್ಸ್ ಚಿಪ್ ಇಲ್ಲವೇ ಇಲ್ಲ, ಅದು ಪ್ರೊಸೆಸರ್ ಒಳಗೇ ಇದೆ, ಆ ಪ್ರೊಸೆಸರ್ ಬೋರ್ಡ್‌ಗೆ ಬೆಸುಗೆ ಆಗಿದೆ. ಬೇರೆ ಚಿಪ್ ಇರುವ ಗೇಮಿಂಗ್ ಲ್ಯಾಪ್‌ಟಾಪ್‌ಗಳಲ್ಲೂ ಸುಮ್ನೆ ಚಿಪ್ ಕಿತ್ತು ದೊಡ್ಡದು ಕೂರಿಸುವುದಕ್ಕೆ ಆಗುವುದಿಲ್ಲ, ಯಾಕೆಂದರೆ ಅದರ ಮೆಮೊರಿ, ಕರೆಂಟ್ ಕೊಡುವ ಭಾಗ, ಬಯಾಸ್ (ಮೆಷಿನ್ ಶುರು ಮಾಡುವ ಒಳಗಿನ ಸಾಫ್ಟ್‌ವೇರ್), ಶಾಖ ಎಳೆಯುವ ತಾಮ್ರದ ಪೈಪು ಎಲ್ಲವೂ ಆ ಒಂದು ಚಿಪ್‌ಗೆ ಅಂತಲೇ ಮಾಡಿರುತ್ತಾರೆ. ಕೆಟ್ಟ ಚಿಪ್ ತೆಗೆದು ಅದೇ ನಂಬರಿನದ್ದು ಹಾಕುವುದುಂಟು. ಅದು ರಿಪೇರಿ, ಅಪ್‌ಗ್ರೇಡ್ ಅಲ್ಲ.

ಹಿಂದೆ ಎಂಎಕ್ಸ್‌ಎಂ ಅಂತ ಬಿಚ್ಚಿ ಹಾಕುವ ಕಾರ್ಡ್ ಬರುತ್ತಿತ್ತು, ಡೆಲ್ ಪ್ರಿಸಿಷನ್, ಎಚ್‌ಪಿ ಝಡ್‌ಬುಕ್ ತರಹದ ದಪ್ಪ ಮೆಷಿನ್‌ಗಳಲ್ಲಿ. ಈಗ ಫ್ರೇಮ್‌ವರ್ಕ್ 16 ಅನ್ನೋ ಲ್ಯಾಪ್‌ಟಾಪ್‌ನಲ್ಲಿ ಗ್ರಾಫಿಕ್ಸ್ ಭಾಗವನ್ನು ಮನೆಯಲ್ಲೇ ಬದಲಾಯಿಸಬಹುದು.

ಬನಶಂಕರಿ 2ನೇ ಹಂತ
ಯುಎಸ್‌ಬಿ-ಸಿ ಪೋರ್ಟ್ ಪಕ್ಕ ಮಿಂಚಿನ ಗುರುತು ಇದೆಯಾ ನೋಡಿ. ಇದ್ದರೆ ಅದು ಥಂಡರ್‌ಬೋಲ್ಟ್ ಅನ್ನೋ ವೇಗದ ಪೋರ್ಟ್, ಡೆಸ್ಕ್‌ಟಾಪ್ ಗ್ರಾಫಿಕ್ಸ್ ಕಾರ್ಡನ್ನು ಹೊರಗಿಟ್ಟು ಜೋಡಿಸಬಹುದು. ಆದರೆ ಕಾರ್ಡ್ ಇಡುವ ಡಬ್ಬಿ, ಪವರ್ ಸಪ್ಲೈ, ಕಾರ್ಡ್ ಮೂರೂ ಸೇರಿದರೆ ಖರ್ಚು ಜಾಸ್ತಿ. ಆ ಕೇಬಲ್‌ನಲ್ಲಿ ಕಾರ್ಡ್‌ನ ಪೂರ್ತಿ ವೇಗವೂ ಸಿಗುವುದಿಲ್ಲ.

ಅದಕ್ಕಿಂತ ಮೊದಲು ಒಂದು ಕೆಲಸ ಮಾಡಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಮೆಮೊರಿ ಒತ್ತಿ, ರ್‍ಯಾಮ್ ಕೂರಿಸುವ ಸ್ಲಾಟ್ ಎಷ್ಟು ತುಂಬಿದೆ ನೋಡಿ. ಹಾಗೇ ಗ್ರಾಫಿಕ್ಸ್ ಹೆಸರು ಐರಿಸ್ ಎಕ್ಸ್‌ಇ ಅಂತ ಇದೆಯಾ, ಯುಎಚ್‌ಡಿ ಅಂತ ಇದೆಯಾ ಹೇಳಿ. ಈ ಪ್ರೊಸೆಸರ್‌ಗೆ ಒಂದೇ ರ್‍ಯಾಮ್ ಹಾಕಿದ್ದರೆ ಯುಎಚ್‌ಡಿ ಅಂತಲೇ ತೋರಿಸುತ್ತದೆ. ಒಳಗಿನ ಗ್ರಾಫಿಕ್ಸ್‌ಗೆ ಸ್ವಂತ ಮೆಮೊರಿ ಇಲ್ಲ ಅಲ್ವಾ, ನಿಮ್ಮ ರ್‍ಯಾಮನ್ನೇ ಹಂಚಿಕೊಳ್ಳುತ್ತದೆ. ಜೋಡಿ ಹಾಕಿದರೆ ಮೆಮೊರಿಗೆ ಹೋಗುವ ದಾರಿ ಎರಡಾಗುತ್ತದೆ, ಗ್ರಾಫಿಕ್ಸ್ ವೇಗ ಹೆಚ್ಚುತ್ತದೆ, ಹೆಸರೂ ಐರಿಸ್ ಎಕ್ಸ್‌ಇ ಅಂತ ಬದಲಾಗುತ್ತದೆ.

ವಿಜಯನಗರದ ಹುಡುಗ
ಅಣ್ಣ, ಎರಡರಲ್ಲಿ ಒಂದೇ ಸ್ಲಾಟ್ ತುಂಬಿದೆ! ಹೆಸರು ಯುಎಚ್‌ಡಿ ಅಂತಲೇ ಇದೆ. ಮಿಂಚಿನ ಗುರುತು ಇಲ್ಲ.

ಬನಶಂಕರಿ 2ನೇ ಹಂತ
ಹಾಗಾದರೆ 8 ಜಿಬಿ ಡಿಡಿಆರ್4 3200 ಲ್ಯಾಪ್‌ಟಾಪ್ ರ್‍ಯಾಮ್ ಇನ್ನೊಂದು ತನ್ನಿ. ಮೊದಲು ನಿಮ್ಮ ಹಳೆಯದರ ಚೀಟಿಯಲ್ಲಿ ಅದೇ ಇದೆಯಾ ನೋಡಿಕೊಳ್ಳಿ.

ಬೋರ್ಡ್ ರಿಪೇರಿ, ಯಶವಂತಪುರ
ಹೇಗೂ ಹಿಂದಿನ ಮುಚ್ಚಳ ಬಿಚ್ಚುತ್ತೀಯ, ಫ್ಯಾನಿನ ಧೂಳು ತೆಗೆದು ಹೊಸ ಥರ್ಮಲ್ ಪೇಸ್ಟ್ (ಪ್ರೊಸೆಸರ್‌ನ ಶಾಖವನ್ನು ತಾಮ್ರದ ಪೈಪಿಗೆ ದಾಟಿಸುವ ಪೇಸ್ಟ್) ಹಾಕಿಸು. ನಾಲ್ಕು ವರ್ಷಕ್ಕೆ ಅದು ಒಣಗಿರುತ್ತದೆ. ಬಿಸಿ ಏರಿದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ.

ವಿಜಯನಗರದ ಹುಡುಗ
ಶನಿವಾರ ಎರಡನ್ನೂ ಮಾಡಿಸಿದೆ. ಈಗ ಐರಿಸ್ ಎಕ್ಸ್‌ಇ ಅಂತ ತೋರಿಸುತ್ತಿದೆ, ಮರಗಳ ಸೀನ್ ತಡೆಯಿಲ್ಲದೆ ತಿರುಗುತ್ತದೆ. ಸೈಕಲ್ಸ್ ರೆಂಡರ್, ಅಂದರೆ ಬ್ಲೆಂಡರ್‌ನಲ್ಲಿ ಕೊನೆಯ ಚಿತ್ರ ತಯಾರಿಸುವ ಕೆಲಸ, ಇನ್ನೂ ಪ್ರೊಸೆಸರ್ ಮೇಲೇ ಓಡುತ್ತಿದೆ, ಅದನ್ನು ರಾತ್ರಿ ಹಾಕಿ ಮಲಗುತ್ತೇನೆ. ಅಪ್ಪನ ಹತ್ತಿರ 18 ಸಾವಿರ ಕೇಳುವುದು ತಪ್ಪಿತು, ಇಬ್ಬರಿಗೂ ತುಂಬಾ ಥ್ಯಾಂಕ್ಸ್ ಅಣ್ಣ.