ಪ್ಯಾಸಿವ್ ವಾಯ್ಸ್ ಬರೆದರೆ ಕಂಪ್ಯೂಟರ್ ಗೆರೆ ಎಳೀತದೆ, ತಪ್ಪಾ?

ಅಪ್ಪೆಮಿಡಿ, ಶಿರಸಿ:
ನಮ್ಮೂರ ಕಾಲುಸಂಕ ಮಳೆಗೆ ಕೊಚ್ಚಿಹೋಗಿದೆ. ಮೇಲಿನ ಕಚೇರಿಗೆ ಇಂಗ್ಲಿಷಿನಲ್ಲೇ ಒಂದು ಅರ್ಜಿ ಹಾಕೋಣ ಅಂತ ಕೂತೆ. 'ದಿ ಫುಟ್‌ಬ್ರಿಜ್ ವಾಸ್ ವಾಷ್ಡ್ ಅವೇ' ಅಂತ ಬರೆದ ತಕ್ಷಣ ಕೆಳಗೆ ನೀಲಿ ಗೆರೆ, ಪ್ಯಾಸಿವ್ ಬೇಡ ಅಂತ. ಶಾಲೆಯಲ್ಲಿ ರಾಮ ರಾವಣನನ್ನು ಕೊಂದನು, ರಾಮನಿಂದ ರಾವಣನು ಕೊಲ್ಲಲ್ಪಟ್ಟನು ಅಂತ ವರ್ಷಗಟ್ಟಲೆ ತಿರುಗಿಸಿ ಬರೆಸಿದ್ದರು, ಆದರೆ ಯಾವಾಗ ಬಳಸಬೇಕು ಅಂತ ಒಬ್ಬರೂ ಹೇಳಲಿಲ್ಲ. ಗೆಳೆಯನೊಬ್ಬ 'ವಾಸ್ ಕೊಲಾಪ್ಸ್ಡ್' ಅಂತ ಹಾಕು ಅಂತಾನೆ. ಯಾವುದು ಸರಿ?

ಸದಾಶಿವಗಡ:
ಗೆಳೆಯರದ್ದು ತಪ್ಪು. 2024ರ ಆಗಸ್ಟ್‌ನಲ್ಲಿ ನಮ್ಮ ಕಾಳಿ ನದಿಯ ಹಳೇ ಸೇತುವೆ ಬಿತ್ತಲ್ಲ, ಅದಕ್ಕೆ 'ದಿ ಬ್ರಿಜ್ ಕೊಲಾಪ್ಸ್ಡ್' ಅಷ್ಟೇ. ವಾಸ್ ಬೇಡ. ಬೀಳುವ ಕೆಲಸ ಸೇತುವೆಯದ್ದೇ. ಕ್ರಿಯಾಪದಕ್ಕೆ 'ಏನನ್ನು?' ಅಂತ ಕೇಳಿ ನೋಡಿ. ನೀರು ಕೊಚ್ಚಿಕೊಂಡು ಹೋಯ್ತು, ಏನನ್ನು? ಸಂಕವನ್ನು. ಉತ್ತರ ಸಿಕ್ಕಿತು, ಹಾಗಾಗಿ ಪ್ಯಾಸಿವ್ ಆಗ್ತದೆ. ಬಿತ್ತು, ಏನನ್ನು? ಉತ್ತರವೇ ಇಲ್ಲ. ಹ್ಯಾಪನ್, ಡೈ, ಅರೈವ್ ಎಲ್ಲ ಇದೇ ಜಾತಿ. 'ವಾಸ್ ಹ್ಯಾಪನ್ಡ್' ಅಂತ ಬರೆಯುವವರು ನಮ್ಮ ಆಫೀಸಲ್ಲೂ ಇದ್ದಾರೆ, ಏನು ಮಾಡೋದು.

ತೋಟದ ಮಂಗ:
ಸುಮ್ನೆ ಆ ಗೆರೆಗೆ ಹೆದರಬೇಡಿ ಮಾರಾಯ್ರೆ. ಕನ್ನಡದಲ್ಲಿ 'ಬಾಳೆಗೊನೆಯನ್ನು ಮಂಗ ತಿಂತು' ಅಂತೀವಿ. ಗೊನೆಯ ಸುದ್ದಿ ಅಂತ ಗೊನೆ ಮುಂದೆ ಬಂತು. 'ಅನ್ನು' ಅಂಟಿಕೊಂಡಿರುವುದರಿಂದ ಯಾರು ಯಾರನ್ನು ತಿಂದರು ಅಂತ ಗೊಂದಲ ಇಲ್ಲ. ಇಂಗ್ಲಿಷಿನಲ್ಲಿ ಆ 'ಅನ್ನು' ಇಲ್ಲ, ಪದದ ಜಾಗವೇ ಎಲ್ಲ. ಜಾಗ ಬದಲಿಸಿದರೆ ಗೊನೆಯೇ ಮಂಗನನ್ನು ತಿಂದ ಹಾಗಾಗ್ತದೆ! ಅದಕ್ಕೇ ಅವರಿಗೆ ಪ್ಯಾಸಿವ್ ಬೇಕು. ನಮಗೆ ಅಷ್ಟು ಬೇಡ, ಕೊಲ್ಲಲ್ಪಟ್ಟನು ಅಂತ ಮನೆಯಲ್ಲಿ ಯಾರು ಮಾತಾಡ್ತಾರೆ ಹೇಳಿ? ನಿಮ್ಮ ಅರ್ಜಿ ಸಂಕದ ಬಗ್ಗೆ, ನೀರಿನ ಬಗ್ಗೆ ಅಲ್ಲ. ಹಾಗಾಗಿ ನೀವು ಬರೆದದ್ದೇ ಸರಿ.

ಅಘನಾಶಿನಿ:
ಮೇಲಿನವರು ಹೇಳಿದ್ದು ಹೌದು, ಆದರೆ ಗೆರೆ ಎಳೆಯುವುದಕ್ಕೂ ಕಾರಣ ಇದೆ. ಮಾಡಿದವರು ಯಾರು ಅಂತ ಪ್ಯಾಸಿವ್ ಮುಚ್ಚಿಡ್ತದೆ. ಮಾರಿಕಾಂಬಾ ಜಾತ್ರೆಗೆ 'ಈಸ್ ಹೆಲ್ಡ್ ಎವ್ರಿ ಟೂ ಇಯರ್ಸ್' ಅಂದರೆ ಯಾರು ನಡೆಸ್ತಾರೆ ಅಂತ ಯಾರೂ ಕೇಳೋದಿಲ್ಲ, ಅಲ್ಲಿ ಅದು ಬೇಕಾಗಿಯೂ ಇಲ್ಲ. ಆದರೆ ನಿಮ್ಮ ಅರ್ಜಿಗೆ ಬರುವ ಉತ್ತರ ನೋಡಿ, 'ಆಕ್ಷನ್ ವಿಲ್ ಬಿ ಟೇಕನ್'. ಕನ್ನಡದಲ್ಲೂ ಅದೇ, 'ಕ್ರಮ ಕೈಗೊಳ್ಳಲಾಗುವುದು'. ಯಾರು, ಯಾವಾಗ? ಕಳೆದ ಸಲ ನಮಗೂ ಹೀಗೇ ಒಂದು ಕಾಗದ ಬಂದಿತ್ತು, ಫೈಲಿನಲ್ಲಿ ಭದ್ರವಾಗಿದೆ. ಅದಕ್ಕೆ ನೀವು ಸಂಕ ಹೋದದ್ದನ್ನು ಪ್ಯಾಸಿವ್‌ನಲ್ಲೇ ಬಿಡಿ, ಮುಂದಿನದ್ದನ್ನು ಮಾತ್ರ ನೇರ ಬರೆಯಿರಿ. 'ಇಟ್ ಹ್ಯಾಸ್ ನಾಟ್ ಬೀನ್ ರಿಪೇರ್ಡ್' ಬೇಡ, 'ಯುವರ್ ಆಫೀಸ್ ಹ್ಯಾಸ್ ನಾಟ್ ರಿಪೇರ್ಡ್ ಇಟ್' ಅಂತ ಹಾಕಿ.

ಅಪ್ಪೆಮಿಡಿ, ಶಿರಸಿ:
'ಯುವರ್ ಆಫೀಸ್' ಅಂತ ನೇರ ಹಾಕೋಕೆ ಸ್ವಲ್ಪ ಅಂಜಿಕೆ ಆಯ್ತು, ಆದರೂ ಹಾಕಿ ಕಳಿಸಿದೆ. ಮೊದಲ ಸಾಲಿನ ಗೆರೆ ಹಾಗೇ ಇದೆ. ಇರಲಿ ಬಿಡಿ.