ಸಹಾಯ ಬೇಕು: ಅಮ್ಮನ ಥೈರಾಯ್ಡ್ ಕ್ಯಾನ್ಸರ್‌ಗೆ ಲೆನ್ವಾಟಿನಿಬ್ ಮಾತ್ರೆ

ಎಲ್ಲರಿಗೂ ನಮಸ್ಕಾರ. ನಾವು ಚಿಕ್ಕಮಗಳೂರು ಜಿಲ್ಲೆ ಮೂಡಿಗೆರೆ ಕಡೆಯವರು. ಅಮ್ಮನಿಗೆ ಥೈರಾಯ್ಡ್ ಕ್ಯಾನ್ಸರ್ ಆಪರೇಷನ್ ಆಗಿ, ಎರಡು ಸಲ ರೇಡಿಯೋ ಅಯೋಡಿನ್ (ಥೈರಾಯ್ಡ್ ಕ್ಯಾನ್ಸರ್ ಕೋಶಗಳು ಹೀರಿಕೊಂಡಾಗ ಅವನ್ನು ಕೊಲ್ಲುವ ವಿಕಿರಣದ ಔಷಧ) ಕೂಡ ಕೊಟ್ಟಿದ್ದರು. ಈಗ ಶ್ವಾಸಕೋಶದಲ್ಲಿರುವ ಗಡ್ಡೆಗಳು ಅಯೋಡಿನ್ ಹೀರಿಕೊಳ್ಳುತ್ತಿಲ್ಲ, ಬೆಳೆಯುತ್ತಿವೆ. ಡಾಕ್ಟರ್ ಲೆನ್ವಾಟಿನಿಬ್ ಬರೆದಿದ್ದಾರೆ.

ನನಗೆ ಅರ್ಥವಾಗಿದ್ದು ಇಷ್ಟು. ಗಡ್ಡೆ ದೊಡ್ಡದಾಗಲು ರಕ್ತ ಬೇಕು. ಅದಕ್ಕೆ ಅದು ವಿಇಜಿಎಫ್ ಅನ್ನೋ ಪ್ರೋಟೀನ್ ಬಿಟ್ಟು, ಪಕ್ಕದ ರಕ್ತನಾಳಗಳು ತನ್ನ ಕಡೆಗೆ ಹೊಸ ಕವಲು ಒಡೆಯುವಂತೆ ಮಾಡುತ್ತದೆ. ಪಕ್ಕದ ಕಾಲುವೆಯ ನೀರನ್ನು ತನ್ನ ಗದ್ದೆಗೆ ತಿರುಗಿಸಿಕೊಂಡ ಹಾಗೆ. ಈ ಮಾತ್ರೆ ಆ ಪ್ರೋಟೀನ್‌ನ ಸಂದೇಶ ರಕ್ತನಾಳಕ್ಕೆ ಮುಟ್ಟದಂತೆ ತಡೆಯುತ್ತದೆ. ಇಂಥ ರೋಗಿಗಳಿಗೆ ಅಮೆರಿಕದಲ್ಲಿ 2013ರಲ್ಲಿ ಇದೇ ಥರದ ಸೊರಾಫೆನಿಬ್ ಅನ್ನೋ ಮಾತ್ರೆಗೆ, 2015ರಲ್ಲಿ ಲೆನ್ವಾಟಿನಿಬ್‌ಗೆ ಒಪ್ಪಿಗೆ ಸಿಕ್ಕಿದೆ. ಪೂರ್ತಿ ವಾಸಿಯಾಗಲ್ಲ, ಆದರೆ ಬೆಳವಣಿಗೆಯನ್ನು ಹಿಡಿದಿಡಬಹುದು. ನಮಗೆ ಅದೇ ದೊಡ್ಡದು.

ನನ್ನ ಭಯ ಬಿಪಿಯದ್ದು. ಈ ಮಾತ್ರೆಯಲ್ಲಿ ಬಿಪಿ ಏರೋದು ಜಾಸ್ತಿ, ಅಮ್ಮನಿಗೆ ಮೊದಲೇ ಬಿಪಿ ಇದೆ. ಡಬ್ಬಿಯನ್ನು ದೇವರ ಮನೆಯಲ್ಲಿ ಕುಂಕುಮದ ಬಟ್ಟಲ ಪಕ್ಕ ಇಟ್ಟಿದ್ದಾರೆ, ಇನ್ನೂ ತೆರೆದಿಲ್ಲ. "ಸೋಮವಾರ ಶುರು ಮಾಡ್ತೀನಿ ಕಣೋ" ಅಂತಾರೆ.

ನಿಮ್ಮ ಮನೆಯಲ್ಲಿ ಯಾರಾದರೂ ಇದನ್ನು ತಗೊಂಡಿದ್ದಾರಾ? ಬಿಪಿ ದಿನಕ್ಕೆ ಎಷ್ಟು ಸಲ ನೋಡುತ್ತಿದ್ದಿರಿ? ಭೇದಿ, ಸುಸ್ತು, ಊಟ ಸೇರದಿರುವುದು, ಇದನ್ನೆಲ್ಲ ಹೇಗೆ ನಿಭಾಯಿಸಿದಿರಿ? ಮೂತ್ರದಲ್ಲಿ ಪ್ರೋಟೀನ್ ಹೋಗುತ್ತಿದೆಯಾ ಅಂತ ಆಗಾಗ ನೋಡಬೇಕಂತೆ. ಹಾಸನದಲ್ಲೋ ಚಿಕ್ಕಮಗಳೂರಲ್ಲೋ ಪರೀಕ್ಷೆ ಮಾಡಿಸಿ, ರಿಪೋರ್ಟ್ ಮಾತ್ರ ಬೆಂಗಳೂರಿಗೆ ಕಳಿಸಿದವರು ಇದ್ದೀರಾ? ಪ್ರತಿ ಸಲ ಅಮ್ಮನನ್ನು ಘಾಟಿ ರಸ್ತೆಯಲ್ಲಿ ಬಸ್ ಹತ್ತಿಸೋದು ಕಷ್ಟ. ಡೋಸ್ ವಿಷಯ ಡಾಕ್ಟರನ್ನೇ ಕೇಳುತ್ತೇವೆ. ನಿಮ್ಮ ಅನುಭವ ಹೇಳಿ, ದಯವಿಟ್ಟು.