ಗೈಡ್ ಸಿಗುತ್ತಿಲ್ಲ, ಪಿಎಚ್‌.ಡಿ ಬಿಟ್ಟುಬಿಡಲಾ? – ಓದುಗರ ಸ್ಪಂದನ

ಕಳೆದ ಸಂಚಿಕೆಯ ಸಮಸ್ಯೆ: ‘ನನ್ನದು ಸಿಂಧನೂರು ಕಡೆಯ ಹಳ್ಳಿ. ನಮ್ಮ ಭಾಗದ ವಿಶ್ವವಿದ್ಯಾಲಯವೊಂದರಲ್ಲಿ ತುಂಗಭದ್ರಾ ಎಡದಂಡೆ ಕಾಲುವೆಯ ಇತಿಹಾಸದ ಮೇಲೆ ಪಿಎಚ್‌.ಡಿ ಮಾಡುತ್ತಿದ್ದೇನೆ. ಇದು ಮೂರನೇ ವರ್ಷ. ಗೈಡ್ ಕೆಟ್ಟವರಲ್ಲ, ಆದರೆ ಕೈಗೆ ಸಿಗುವುದಿಲ್ಲ. ಬರೆದು ಕೊಟ್ಟ ಅಧ್ಯಾಯ ಅವರ ಟೇಬಲ್ ಮೇಲೇ ಇದೆ. ಫೆಲೋಶಿಪ್ ಫೈಲ್ ಎಲ್ಲಿದೆ ಅಂತ ಆಫೀಸಿನಲ್ಲಿ ಕೇಳಿದರೆ “ನಾಳೆ ಬಾಮ್ಮ” ಅನ್ನುತ್ತಾರೆ. ಮನೆಯಲ್ಲಿ ಮದುವೆ ಮಾತು ಶುರುವಾಗಿದೆ. ಬಿಟ್ಟುಬಿಡಲಾ?’

ನಿವೃತ್ತ ಪ್ರಾಧ್ಯಾಪಕರು, ಬಳ್ಳಾರಿ

ಬಿಡಬೇಡಮ್ಮ. ಈ ಪತ್ರ ನಿನಗಿಂತ ಜಾಸ್ತಿ ನನ್ನ ಓರಗೆಯ ಮೇಷ್ಟ್ರುಗಳಿಗೆ.

ನೀನು ಆರಿಸಿಕೊಂಡ ವಿಷಯ ಸುಲಭದ್ದಲ್ಲ. ಬಳ್ಳಾರಿ 1953ರ ತನಕ ಮದ್ರಾಸಿಗೆ ಸೇರಿತ್ತು. ರಾಯಚೂರು, ಕೊಪ್ಪಳ 1956ರ ತನಕ ಹೈದರಾಬಾದ್ ರಾಜ್ಯದಲ್ಲಿದ್ದವು. ತುಂಗಭದ್ರಾ ಅಣೆಕಟ್ಟು ಕಟ್ಟಿದ್ದು ಮದ್ರಾಸ್, ಹೈದರಾಬಾದ್ ಎರಡೂ ಸರ್ಕಾರ ಸೇರಿ. ಹಾಗಾಗಿ ಎಡದಂಡೆಯ ಕಾಗದಪತ್ರ ಹುಡುಕಲು ಹೈದರಾಬಾದಿನ ತಾರ್ನಾಕದಲ್ಲಿರುವ ಸರ್ಕಾರಿ ದಾಖಲೆ ಭಂಡಾರಕ್ಕೆ ಹೋಗಬೇಕು. ಮದ್ರಾಸ್ ಸರ್ಕಾರ ಏನು ಹೇಳಿತ್ತು ಅಂತ ನೋಡಲು ಚೆನ್ನೈನ ಎಗ್ಮೋರಿನ ದಾಖಲೆ ಭಂಡಾರಕ್ಕೆ. ಹೈದರಾಬಾದಿನ ಆಡಳಿತ ಭಾಷೆ ಉರ್ದು ಆಗಿತ್ತು, ಎಲ್ಲ ಕಾಗದವೂ ಇಂಗ್ಲಿಷಿನಲ್ಲಿ ಸಿಗುವುದಿಲ್ಲ. ಸಿಂಧನೂರಿನ ರೈತರ ಮನೆ ಹುಡುಗಿ ಇದನ್ನೆಲ್ಲ ಒಬ್ಬಳೇ ಹೇಗೆ ನಿಭಾಯಿಸಬೇಕು?

ಗೈಡ್ ಬೇಕಾಗುವುದು ಇಲ್ಲಿಯೇ. ವಿಭಾಗದ ಲೆಟರ್‌ಹೆಡ್ಡಿನಲ್ಲಿ ಒಂದು ಪುಟದ ಪರಿಚಯ ಪತ್ರ ಬರೆದುಕೊಡಿ. ಇವಳು ಯಾರು, ಯಾವ ಇಲಾಖೆಯ, ಯಾವ ವರ್ಷಗಳ ಕಡತ ಬೇಕು ಅಂತ ಅದರಲ್ಲಿ ಸ್ಪಷ್ಟವಾಗಿರಲಿ. ಹೋಗುವ ಮೊದಲೇ ದಾಖಲೆ ಭಂಡಾರಕ್ಕೆ ಒಂದು ಫೋನ್ ಮಾಡಿ. ಹೈದರಾಬಾದಿನಲ್ಲಿ ನಿಮ್ಮ ಪರಿಚಯದ ಮೇಷ್ಟ್ರು ಇದ್ದರೆ ಅವರ ನಂಬರ್ ಕೊಡಿ. ರಾಯಚೂರಿನಲ್ಲಿ ಉರ್ದು ಕಲಿಸಿ ನಿವೃತ್ತರಾದವರಿದ್ದಾರೆ, ಪ್ರೀತಿಯಿಂದ ಕೇಳಿದರೆ ಕೂತು ಓದಿ ಹೇಳುತ್ತಾರೆ. ಇದಿಷ್ಟಕ್ಕೆ ಮೇಷ್ಟ್ರಿಗೆ ಒಂದು ಮಧ್ಯಾಹ್ನ ಸಾಕು. ಮಾಡದಿದ್ದರೆ ವಿದ್ಯಾರ್ಥಿ ಬಸ್ ಚಾರ್ಜ್ ಹಾಕಿಕೊಂಡು ಹೋಗಿ, ಗೇಟಿನಿಂದ ವಾಪಸ್ ಬರುತ್ತಾಳೆ.

ಇನ್ನು ಅಧ್ಯಾಯ. ‘ಪೂರ್ತಿ ಓದಿ ಹೇಳ್ತೀನಿ’ ಅಂದರೆ ಅದು ಮುಗಿಯುವ ಮಾತಲ್ಲ. ಹತ್ತು ಪುಟವಾದರೂ ಪೆನ್ಸಿಲ್ ಹಿಡಿದು ಓದಿ, ಅಂಚಿನಲ್ಲಿ ಗುರುತು ಮಾಡಿ ವಾಪಸ್ ಕೊಡಿ. ಉಳಿದದ್ದನ್ನು ಅವಳೇ ತಿದ್ದಿಕೊಳ್ಳುತ್ತಾಳೆ. ವಾರದಲ್ಲಿ ಒಂದು ದಿನ, ಅರ್ಧ ಗಂಟೆ, ಇದು ನಿನ್ನ ಸಮಯ ಅಂತ ಗೊತ್ತು ಮಾಡಿ. ಖಾಲಿ ಹುದ್ದೆ ತುಂಬದ ವಿಭಾಗದಲ್ಲಿ ಪಾಠ, ಪರೀಕ್ಷೆ, ಮೌಲ್ಯಮಾಪನ ಎಲ್ಲ ಇದ್ದವರ ತಲೆ ಮೇಲೇ ಬೀಳುತ್ತದೆ, ನಿಜ. ಆದರೂ ಆ ಅರ್ಧ ಗಂಟೆ ಕೊಡಲೇಬೇಕು.

ನೀನೂ ಒಂದು ಕೆಲಸ ಮಾಡು. ಏನು ಮುಗಿದಿದೆ, ಎಲ್ಲಿ ನಿಂತಿದೆ, ಅವರಿಂದ ಏನು ಬೇಕು, ಯಾವಾಗ ಬೇಕು ಅಂತ ಒಂದೇ ಪುಟ ಬರೆದು ಕಳಿಸು. ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗ) 2022ರ ನಿಯಮದ ಪ್ರಕಾರ ಪ್ರತಿ ಸೆಮಿಸ್ಟರಿಗೆ ಒಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ಪ್ರಗತಿ ಹೇಳಬೇಕು. ಆ ಪುಟವನ್ನು ಅಲ್ಲಿಯೂ ಇಡು. ಯಾರನ್ನೂ ದೂರದೆ, ಕೆಲಸ ಇಲ್ಲಿ ನಿಂತಿದೆ ಅಂದರೆ ಸಾಕು.

ವಿಶ್ವವಿದ್ಯಾಲಯ ಕಚೇರಿಯ ನಿವೃತ್ತ ನೌಕರರು, ರಾಯಚೂರು

ತಂಗಿ, ಬಾಯಿ ಮಾತಿನಲ್ಲಿ ಕೇಳಿದ್ದಕ್ಕೆ ಬಾಯಿ ಮಾತಿನ ಉತ್ತರವೇ ಬರುತ್ತದೆ. ಅರ್ಜಿ ಎರಡು ಪ್ರತಿ ಬರಿ. ಒಂದನ್ನು ಟಪಾಲು ವಿಭಾಗದಲ್ಲಿ ಕೊಡು. ಇನ್ನೊಂದರ ಮೂಲೆಯಲ್ಲಿ ಸೀಲು, ಇನ್‌ವರ್ಡ್ ನಂಬರ್, ತಾರೀಖು ಹಾಕಿಸಿಕೋ. ಮುಂದಿನ ಸಲ ‘ನನ್ನ ಫೈಲ್ ಏನಾಯ್ತು’ ಅನ್ನಬೇಡ. ‘ಈ ನಂಬರಿನ ಅರ್ಜಿ ಯಾವ ಟೇಬಲ್ಲಿನಲ್ಲಿದೆ, ಯಾವ ಕಾಗದ ಕಮ್ಮಿ ಇದೆ’ ಅಂತ ಕೇಳು. ಹಾಜರಾತಿಗೆ ಗೈಡ್ ಸಹಿ ಇಲ್ಲ, ಪ್ರಗತಿ ವರದಿಗೆ ಮುಖ್ಯಸ್ಥರ ಸಹಿ ಇಲ್ಲ, ಬ್ಯಾಂಕ್ ಖಾತೆಯ ಹೆಸರಿನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ. ಫೈಲ್ ನಿಲ್ಲುವುದು ಸಾಮಾನ್ಯವಾಗಿ ಇಂಥದ್ದಕ್ಕೇ.

ಈಗ ಕುರ್ಚಿಯಲ್ಲಿ ಇರುವ ನನ್ನ ಅಣ್ಣತಮ್ಮಂದಿರಿಗೆ, ಅಕ್ಕತಂಗಿಯರಿಗೆ ಒಂದು ಮಾತು. ಬೇಕಾದ ಕಾಗದಗಳ ಪಟ್ಟಿಯನ್ನು ಕನ್ನಡದಲ್ಲಿ ಬರೆದು ಬಾಗಿಲಿಗೆ ಅಂಟಿಸಿ. ಏನು ಕಮ್ಮಿ ಇದೆಯೋ ಮೊದಲ ದಿನವೇ ಎಲ್ಲ ಒಟ್ಟಿಗೆ ಹೇಳಿ. ಇವತ್ತು ಒಂದು, ನಾಳೆ ಇನ್ನೊಂದು ಅನ್ನಬೇಡಿ. ಹಳ್ಳಿಯಿಂದ ಬರುವ ಮಗುವಿಗೆ ‘ನಾಳೆ ಬಾ’ ಅಂದರೆ ಬಸ್ಸಿನ ದುಡ್ಡು, ಒಂದು ದಿನದ ಓದು ಎರಡೂ ಹೋಗುತ್ತವೆ. ಫೆಲೋಶಿಪ್ ತಡವಾದರೆ ಹಾಸ್ಟೆಲ್, ಮೆಸ್ ಬಿಲ್ ಕಟ್ಟಲು ಮನೆಯವರು ಸಾಲ ಮಾಡಬೇಕಾಗುತ್ತದೆ.

ಇಷ್ಟಾದರೂ ಕೆಲಸ ಆಗದಿದ್ದರೆ, ಯುಜಿಸಿಯ 2023ರ ನಿಯಮದಂತೆ ವಿದ್ಯಾರ್ಥಿ ಕುಂದುಕೊರತೆ ಸಮಿತಿ ಇರಲೇಬೇಕು. ಅದು ಸಾಧ್ಯವಾದ ಮಟ್ಟಿಗೆ 15 ಕೆಲಸದ ದಿನಗಳಲ್ಲಿ ವರದಿ ಕೊಡಬೇಕು. ಅದರ ಮೇಲೆ, ಮೇಲ್ಮನವಿ ಕೇಳಲು ಒಂಬುಡ್ಸ್‌ಪರ್ಸನ್ ಇರುತ್ತಾರೆ. ಆಗ ಆ ಸೀಲು ಬಿದ್ದ ಪ್ರತಿಗಳೇ ನಿನ್ನ ಕೈ ಹಿಡಿಯುತ್ತವೆ.

ಕಾಲೇಜು ಉಪನ್ಯಾಸಕಿ, ಗಂಗಾವತಿ

ನಾನು ಮದುವೆಯಾಗಿ, ಮಗುವಾದ ಮೇಲೆ ಥೀಸಿಸ್ ಮುಗಿಸಿದವಳು. ಮದುವೆ ಆದರೆ ಓದು ಮುಗಿಯಿತು ಅಂತ ಯಾರು ಹೇಳಿದರೂ ನಂಬಬೇಡಿ. ಪಿಎಚ್‌.ಡಿಗೆ ಗರಿಷ್ಠ 6 ವರ್ಷ, ಮರುನೋಂದಣಿ ಮಾಡಿಸಿದರೆ ಇನ್ನೂ 2, ಹೆಣ್ಣುಮಕ್ಕಳಿಗೆ ಅದರ ಮೇಲೆ ಮತ್ತೆ 2. ಹೆರಿಗೆ, ಮಗುವಿನ ಆರೈಕೆಗೆ ಒಟ್ಟು 240 ದಿನದ ತನಕ ರಜೆ ಇದೆ. ಮದುವೆಯಾಗಿ ಬೇರೆ ಊರಿಗೆ ಹೋಗಬೇಕಾದರೆ, ಷರತ್ತುಗಳಿಗೆ ಒಳಪಟ್ಟು, ಮಾಡಿದ ಸಂಶೋಧನೆಯನ್ನು ಅಲ್ಲಿನ ವಿಶ್ವವಿದ್ಯಾಲಯಕ್ಕೆ ವರ್ಗಾಯಿಸಿಕೊಳ್ಳಬಹುದು. ಇದೆಲ್ಲ ಯುಜಿಸಿಯ 2022ರ ನಿಯಮದಲ್ಲೇ ಇದೆ. ದಾಖಲಾತಿಯ ದಿನವೇ ವಿಭಾಗದವರು ಕೂರಿಸಿಕೊಂಡು ಹೇಳಬೇಕಾದದ್ದು ಇದನ್ನು. ಯಾರೂ ಹೇಳುವುದಿಲ್ಲ. ಕೇಳಿದರೆ ‘ನಿನಗ್ಯಾಕಮ್ಮ ಈಗಲೇ’ ಅನ್ನುತ್ತಾರೆ, ಅದು ಬಹಳ ನೋವಿನ ಮಾತು.

ಈ ನಿಯಮಗಳ ಪ್ರತಿ ತೆಗೆದುಕೊಂಡು ಹೋಗಿ ಅಪ್ಪ ಅಮ್ಮನಿಗೆ ಓದಿ ಹೇಳಿ. ಗಂಡಿನ ಕಡೆಯವರಿಗೂ ಹೇಳಿಸಿ, ಮಾತುಕತೆಯ ಹೊತ್ತಿನಲ್ಲೇ. ವಿಭಾಗದಲ್ಲಿ ಮೇಡಂ ಯಾರಾದರೂ ಇದ್ದರೆ ಮನೆಯವರ ಜೊತೆ ಫೋನಿನಲ್ಲಿ ಒಮ್ಮೆ ಮಾತಾಡಲು ಕೇಳಿ. ನಮ್ಮ ಕಡೆ ಮೇಡಂ ಮಾತಿಗೆ ಬೆಲೆ ಜಾಸ್ತಿ, ಅಲ್ವಾ?

ಇನ್ನೊಂದು. ರಾತ್ರಿ ನಿದ್ದೆ ಬರದೆ, ಯಾರಿಗೂ ಹೇಳಲಾಗದೆ ಒದ್ದಾಡುತ್ತಿದ್ದರೆ 14416ಕ್ಕೆ ಫೋನ್ ಮಾಡಿ. ಅದು ಟೆಲಿಮಾನಸ್, ಸರ್ಕಾರದ ಉಚಿತ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ.

ಗ್ರಂಥಪಾಲಕರು, ಕೊಪ್ಪಳ

ಗೈಡ್ ಸಿಗದ ದಿನಗಳಲ್ಲಿ ಸುಮ್ನೆ ಕಾಯುತ್ತ ಕೂರಬೇಡಿ, ಲೈಬ್ರರಿಗೆ ಬನ್ನಿ. ಶೋಧಗಂಗಾ ಅನ್ನುವ ವೆಬ್‌ಸೈಟಿನಲ್ಲಿ ದೇಶದ ಥೀಸಿಸ್‌ಗಳು ಎಲ್ಲರಿಗೂ ಉಚಿತವಾಗಿ ಸಿಗುತ್ತವೆ. ನೀರಾವರಿ ಇತಿಹಾಸದ ನಾಲ್ಕಾರು ಥೀಸಿಸ್ ತೆರೆದು, ಕೊನೆಯ ಆಕರಗಳ ಪಟ್ಟಿ ನೋಡಿ. ಯಾವ ಊರಿನ ಯಾವ ಕಡತ ಅಂತ ಅಲ್ಲೇ ಸುಳಿವು ಸಿಗುತ್ತದೆ. ಬಳ್ಳಾರಿ ಜಿಲ್ಲೆಯ ಮೇಲೆ ಡಬ್ಲ್ಯೂ. ಫ್ರಾನ್ಸಿಸ್ ಬರೆದ 1904ರ ಗೆಜೆಟಿಯರ್ ಕೂಡ ಓದಿ. ಅಣೆಕಟ್ಟಿಗೆ ಮುಂಚೆ ಈ ಕಡೆಯ ಬರ ಹೇಗಿತ್ತು ಅಂತ ತಿಳಿಯುತ್ತದೆ.

2025ರ ಜನವರಿಯಿಂದ ‘ಒಂದು ರಾಷ್ಟ್ರ ಒಂದು ಚಂದಾ’ ಯೋಜನೆ ಜಾರಿಯಲ್ಲಿದೆ. ಸರ್ಕಾರಿ ವಿಶ್ವವಿದ್ಯಾಲಯದವರಿಗೆ ದುಬಾರಿ ಜರ್ನಲ್‌ಗಳೂ ಸಿಗುತ್ತವೆ. ಊರಿನಿಂದಲೇ ಓದಲು ಲಾಗಿನ್ ಕೊಡುತ್ತಾರಾ ಅಂತ ನಿಮ್ಮ ಗ್ರಂಥಪಾಲಕರನ್ನು ಕೇಳಿ. ಹೋಗುವಾಗ ನಿಮ್ಮ ಸಿನಾಪ್ಸಿಸ್‌ನ (ಸಂಶೋಧನೆಯ ಸಾರಾಂಶ) ಒಂದು ಪ್ರತಿ ಜೊತೆಗಿರಲಿ. ಅದನ್ನು ನೋಡಿದರೆ ಏನು ಹುಡುಕಿಕೊಡಬೇಕು ಅಂತ ಅವರಿಗೆ ಬೇಗ ಗೊತ್ತಾಗುತ್ತದೆ.